ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿಗೆ ಅಂಕ ಸೇರಿಸುವುದು ನ್ಯಾಯವೇ?

ನನ್ನ ಮಗಳು ಹುಟ್ಟಿದ್ದು ಆಗಸ್ಟ್ ಕೊನೆಯ ವಾರ. ಪಕ್ಕದ ಬೀದಿಯ ಇನ್ನೊಂದು ಕನ್ನಡ ಮನೆಯ ಹುಡುಗ ಹುಟ್ಟಿದ್ದು ಅದರ ಹಿಂದಿನ ವರ್ಷದ ಸೆಪ್ಟೆಂಬರ್ ಮೊದಲ ವಾರ. ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಆದರೂ ಇಂಗ್ಲೆಂಡಿನಲ್ಲಿ ಇಬ್ಬರೂ ಒಂದೇ ದಿನ, ಒಂದೇ ತರಗತಿಗೆ ಸೇರಿದರು. ಇಲ್ಲಿ ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿಯ ಮಕ್ಕಳು. ಶಾಲೆಯ ಮೊದಲ ದಿನದ ಫೋಟೊ ಇವತ್ತಿಗೂ ನಮ್ಮ ಫ್ರಿಜ್ ಮೇಲಿದೆ. ಅವಳ ಸ್ವೆಟರ್ ತೋಳು ಬೆರಳ ತುದಿಯನ್ನೂ ಮುಚ್ಚಿದೆ. ಪಕ್ಕದಲ್ಲಿ ಅವನು ಬಗ್ಗಿಕೊಂಡು ತನ್ನ ಶೂ ಲೇಸ್ ತಾನೇ ಕಟ್ಟಿಕೊಳ್ಳುತ್ತಿದ್ದಾನೆ. ಅವಳಿಗೆ ಅವತ್ತು ಕೋಟಿನ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ.

ಆರು ವರ್ಷ ಕಳೆದ ಮೇಲೆ ಅದೇ ಇಬ್ಬರು ಒಂದೇ ಪ್ರಶ್ನೆಪತ್ರಿಕೆ ಬರೆದರು. ಗ್ರಾಮರ್ ಸ್ಕೂಲ್ ಪ್ರವೇಶ ಪರೀಕ್ಷೆ, ಇಲ್ಲಿನವರ ಬಾಯಲ್ಲಿ 'ಇಲೆವೆನ್ ಪ್ಲಸ್'. ನಮ್ಮ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಪಾಸಾಗಲು 121 ಬೇಕು. ಮಗಳಿಗೆ 122 ಬಂತು. ಅವನಿಗೆ 119. ಎರಡು ದಿನ ಬಿಟ್ಟು ಅವನ ಅಮ್ಮ ನಮ್ಮ ಮನೆಗೆ ಬಂದರು. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು: "ಬೇಜಾರು ಮಾಡ್ಕೋಬೇಡಿ. ಆಗಸ್ಟ್ ಮಕ್ಕಳಿಗೆ ಅಂಕ ಸೇರಿಸ್ತಾರಂತೆ. ನನ್ನ ಮಗ ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು ಅವನ ತಪ್ಪಾ?"

ಆ ಪ್ರಶ್ನೆಗೆ ಅವತ್ತು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಆಮೇಲೆ ಕೂತು ಓದಿದೆ, ಲೆಕ್ಕ ಹಾಕಿದೆ. ಈ ವ್ಯವಸ್ಥೆಯಿಂದ ಲಾಭ ಪಡೆದ ಮಗುವಿನ ಪೋಷಕರು ನಾವು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವಾಗ ಅದು ನಿಮ್ಮ ಮನಸ್ಸಿನಲ್ಲಿರಲಿ.

ಮೊದಲು ಗ್ರಾಮರ್ ಸ್ಕೂಲ್ ಅಂದರೆ ಏನು ಅಂತ ಸ್ವಲ್ಪ. ಇವು ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಗಳು, ಫೀಸ್ ಇಲ್ಲ. ಆದರೆ ಪರೀಕ್ಷೆ ಬರೆದು ಆಯ್ಕೆಯಾಗಬೇಕು. 1944ರ ಶಿಕ್ಷಣ ಕಾಯ್ದೆಯ ನಂತರ ದೇಶದ ತುಂಬ ಇಂಥ ಶಾಲೆಗಳಿದ್ದವು. 60-70ರ ದಶಕಗಳಲ್ಲಿ ಬಹುಪಾಲು ಮುಚ್ಚಿದವು, ಇಲ್ಲವೇ ಎಲ್ಲರಿಗೂ ತೆರೆದ ಶಾಲೆಗಳಾದವು. ಈಗ ಇಂಗ್ಲೆಂಡಿನಲ್ಲಿ ಉಳಿದಿರುವುದು 163. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್ ಕಡೆ ಜಾಸ್ತಿ. ಸ್ಲೌ, ರೆಡಿಂಗ್, ಸಟನ್ ಸುತ್ತಮುತ್ತ ಮನೆ ಹುಡುಕುವ ನಮ್ಮವರಲ್ಲಿ ಎಷ್ಟೋ ಜನ ಮೊದಲು ನೋಡುವುದೇ ಈ ಶಾಲೆಗಳ ನಕ್ಷೆಯನ್ನು.

ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಪ್ರಾಥಮಿಕ ಶಾಲೆಯ ಕೊನೆಯ ತರಗತಿಯಾದ ಆರನೇ ವರ್ಷದ ಸೆಪ್ಟೆಂಬರ್‌ನಲ್ಲಿ. ಆ ಹೊತ್ತಿಗೆ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಗುವಿಗೆ 11 ತುಂಬಿರುತ್ತದೆ ಅಥವಾ ಇವತ್ತೋ ನಾಳೆಯೋ ತುಂಬುತ್ತದೆ. ಆಗಸ್ಟ್‌ನಲ್ಲಿ ಹುಟ್ಟಿದ ಮಗು 10 ತುಂಬಿ ಕೆಲವೇ ದಿನ ಆಗಿರುತ್ತದೆ.

ಈಗ ಆ 121 ಎಲ್ಲಿಂದ ಬಂತು ನೋಡೋಣ. ಅದು ಸರಿ ಉತ್ತರಗಳ ಎಣಿಕೆ ಅಲ್ಲ, ಶೇಕಡಾವಾರೂ ಅಲ್ಲ. ಎಷ್ಟು ಉತ್ತರ ಸರಿ ಅನ್ನುವುದು ಕಚ್ಚಾ ಅಂಕ. ಅದನ್ನು ಮಗುವಿನ ವಯಸ್ಸಿನ ಜತೆ ಇಟ್ಟು, ಅದೇ ವಯಸ್ಸಿನ ಮಕ್ಕಳು ಎಷ್ಟು ತೆಗೆದರು ಅಂತ ನೋಡಿ, ಹೊಸ ಅಳತೆಗೆ ಹೊಂದಿಸುತ್ತಾರೆ. ಇಂಥ ಅಳತೆಯಲ್ಲಿ ಸರಾಸರಿ ಸಾಮಾನ್ಯವಾಗಿ 100. ಅಂಕಗಳು ಸರಾಸರಿಯಿಂದ ಆಚೀಚೆ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆಯೋ ಆ ದೂರಕ್ಕೆ 15 ಅಂತ ಲೆಕ್ಕ.

ಆ ಅಮ್ಮನಿಗೆ ನಾನು ಹಳೇ ಲಕೋಟೆಯ ಹಿಂದೆ ಬರೆದು ತೋರಿಸಿದ ಲೆಕ್ಕ ಇದು. ಅಂಕಿಗಳು ನಾನೇ ಹಾಕಿಕೊಂಡಿದ್ದು, ನಿಜವಾದ ಪರೀಕ್ಷೆಯದ್ದಲ್ಲ. 100 ಪ್ರಶ್ನೆ ಇವೆ ಅಂತಿಟ್ಟುಕೊಳ್ಳಿ. ಸೆಪ್ಟೆಂಬರ್ ಮಕ್ಕಳ ಸರಾಸರಿ 60, ಆಗಸ್ಟ್ ಮಕ್ಕಳದ್ದು 54. ಹರಡಿಕೆ ಎರಡೂ ಕಡೆ 15. ಸೆಪ್ಟೆಂಬರ್ ಹುಡುಗ 78 ತೆಗೆದ. ತನ್ನ ವಯಸ್ಸಿನವರ ಸರಾಸರಿಗಿಂತ 18 ಮೇಲೆ. ಹಾಗಾಗಿ 118. ಆಗಸ್ಟ್ ಹುಡುಗಿ 75 ತೆಗೆದಳು. ಅವನಿಗಿಂತ ಮೂರು ಕಡಿಮೆ. ಆದರೆ ತನ್ನ ವಯಸ್ಸಿನವರ ಸರಾಸರಿಗಿಂತ 21 ಮೇಲೆ. ಹಾಗಾಗಿ 121. ಅವಳು ಒಳಗೆ, ಅವನು ಹೊರಗೆ.

"ಅಂಕ ಸೇರಿಸ್ತಾರೆ" ಅನ್ನುವ ಮಾತು ಅದಕ್ಕೇ ಪೂರ್ತಿ ಸರಿಯಲ್ಲ. ಆಗಸ್ಟ್‌ಗೆ ಇಷ್ಟು, ಮೇ ತಿಂಗಳಿಗೆ ಇಷ್ಟು ಅಂತ ಯಾರೂ ಮೊದಲೇ ನಿಗದಿ ಮಾಡಿರುವುದಿಲ್ಲ. ಮಕ್ಕಳೇ ಬರೆದ ಪರೀಕ್ಷೆಯಿಂದ, ವಯಸ್ಸಿಗೆ ತಕ್ಕಂತೆ ಅಂಕ ಎಷ್ಟು ಏರಿದೆ ಅನ್ನುವ ಗೆರೆ ಎಳೆಯುತ್ತಾರೆ. ಗೆರೆ ಕಡಿದಾಗಿದ್ದರೆ ಹೊಂದಾಣಿಕೆ ಜಾಸ್ತಿ. ಮಟ್ಟಸವಾಗಿದ್ದರೆ ಹೊಂದಾಣಿಕೆಯೇ ಇಲ್ಲ. ವಯಸ್ಸಿನಿಂದ ಏನೂ ವ್ಯತ್ಯಾಸ ಆಗದ ಪರೀಕ್ಷೆಯಲ್ಲಿ ಆಗಸ್ಟ್ ಮಗುವಿಗೆ ಒಂದು ಅಂಕವೂ ಸಿಗುವುದಿಲ್ಲ.

ಹಾಗಂತ ಆ ಅಮ್ಮನ ನೋವು ಸುಳ್ಳಲ್ಲ. ಸೀಟು ಇಷ್ಟೇ ಅಂತ ಇರುವಾಗ ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ ಬರಲೇಬೇಕು.

ಈ ಪದ್ಧತಿ ಇವತ್ತಿನದ್ದಲ್ಲ. ಬುದ್ಧಿ ಅಳೆಯುವ ಪರೀಕ್ಷೆ ಹುಟ್ಟಿದಾಗಿನಿಂದಲೂ ವಯಸ್ಸು ಅದರ ಒಳಗೇ ಇದೆ. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಮೊದಲ ಪರೀಕ್ಷೆ ಮಾಡಿದರು. 1908ರಲ್ಲಿ ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರು: ಇದು ಆರು ವರ್ಷದವರು ಸಾಮಾನ್ಯವಾಗಿ ಮಾಡುವುದು, ಇದು ಎಂಟು ವರ್ಷದವರು ಮಾಡುವುದು, ಹೀಗೆ. ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ಅಂದರು. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು 100ರಿಂದ ಗುಣಿಸಿದರು. ಎಂಟು ವರ್ಷದ ಮಗು ಹತ್ತು ವರ್ಷದವರ ಕೆಲಸ ಮಾಡಿದರೆ 125. ನಾವು ದಿನಾ ಐಕ್ಯೂ ಐಕ್ಯೂ ಅನ್ನುತ್ತೇವಲ್ಲ, ಅದರಿಂದ ವಯಸ್ಸನ್ನು ತೆಗೆದುಹಾಕಿದರೆ ಉಳಿಯುವುದು ಸರಿ ಉತ್ತರಗಳ ಎಣಿಕೆ ಮಾತ್ರ.

ಕನ್ನಡದ ಮಕ್ಕಳಿಗೂ ಈ ಕೆಲಸ ಬೇಗನೇ ಆಗಿದೆ. ಆಗಿನ ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದ ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಅದಕ್ಕೆ ಬಾಂಬೆ-ಕರ್ನಾಟಕ ಆವೃತ್ತಿ ಅಂತಲೇ ಹೆಸರಿತ್ತು. ಬಿನೆ-ಕಾಮತ್ ಪರೀಕ್ಷೆಯನ್ನು ಭಾರತದ ಮನಶ್ಶಾಸ್ತ್ರಜ್ಞರು ಈಗಲೂ ಬಳಸುತ್ತಾರೆ. ಅದರಲ್ಲೂ ಮೊದಲು ಕೇಳುವುದು ಮಗುವಿನ ವಯಸ್ಸು ಎಷ್ಟು ವರ್ಷ, ಎಷ್ಟು ತಿಂಗಳು ಅಂತ.

ಇಂಗ್ಲೆಂಡಿನ ಶಾಲಾ ಆಯ್ಕೆಗೆ ಇದು ಬಂದ ಕಥೆ ನನಗೆ ತುಂಬ ಇಷ್ಟ. 1921ರ ಸುಮಾರಿಗೆ ಉತ್ತರ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್‌ನ ಅಧಿಕಾರಿಗಳಿಗೆ ಒಂದು ಚಿಂತೆ ಇತ್ತು. ದೂರದ ಹಳ್ಳಿ ಶಾಲೆಗಳಿಂದ ಪ್ರೌಢಶಾಲೆಯ ಉಚಿತ ಸೀಟಿನ ಪರೀಕ್ಷೆಗೆ ಮಕ್ಕಳೇ ಬರುತ್ತಿರಲಿಲ್ಲ. ಒಳ್ಳೆಯ ಪಾಠ ಸಿಗದ ಮಗುವಿನಲ್ಲೂ ಇರುವ ಶಕ್ತಿಯನ್ನು ಹುಡುಕುವ ಪರೀಕ್ಷೆ ಬೇಕು ಅಂತ ಮನಶ್ಶಾಸ್ತ್ರಜ್ಞ ಗಾಡ್‌ಫ್ರೆ ಥಾಮ್ಸನ್ ಅವರನ್ನು ಕೇಳಿದರು. ಥಾಮ್ಸನ್ ಆಮೇಲೆ ಎಡಿನ್‌ಬರೋಗೆ ಹೋಗಿ ಮೊರೆ ಹೌಸ್ ಪರೀಕ್ಷೆಗಳನ್ನು ತಯಾರಿಸಿದರು. ದಶಕಗಟ್ಟಲೆ ಇಲೆವೆನ್ ಪ್ಲಸ್‌ಗೆ ಅವನ್ನೇ ಬಳಸಿದರು. ಅಂಕದ ಜತೆ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಅವುಗಳಲ್ಲೇ ಇತ್ತು. ಹಳ್ಳಿ ಮಗುವಿಗೆ ಅವಕಾಶ ಸಿಗಲಿ ಅನ್ನುವುದಕ್ಕೂ, ಚಿಕ್ಕ ಮಗುವಿಗೆ ಅವಕಾಶ ಸಿಗಲಿ ಅನ್ನುವುದಕ್ಕೂ ಹಿಂದಿದ್ದ ಯೋಚನೆ ಒಂದೇ. ಮಗು ಇವತ್ತು ಎಲ್ಲಿದೆ ಅನ್ನುವುದರ ಜತೆಗೆ, ಎಷ್ಟು ಸಮಯದಲ್ಲಿ, ಏನೇನು ಸಿಕ್ಕಿ ಅಲ್ಲಿಗೆ ಬಂತು ಅಂತಲೂ ನೋಡಬೇಕು.

ಸರಿ, ಒಂದು ವರ್ಷದ ಅಂತರಕ್ಕೆ ಇಷ್ಟೆಲ್ಲ ಯಾಕೆ? ನಾಲ್ಕು ವರ್ಷದ ಮಗುವಿಗೆ 11 ತಿಂಗಳು ಅಂದರೆ ಅದರ ಬದುಕಿನ ಕಾಲು ಭಾಗದ ಹತ್ತಿರ. ಹತ್ತು ವರ್ಷದ ಮಗುವಿಗೆ ಅದು ಹತ್ತರಲ್ಲಿ ಒಂದು ಪಾಲು. ಕಡಿಮೆಯಾಯಿತು, ಆದರೆ ಹೋಗಿಲ್ಲ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಅನ್ನುವ ಸಂಶೋಧನಾ ಸಂಸ್ಥೆ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. 2013ರ ಅವರ ವರದಿ ಪ್ರಕಾರ, 16ನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಐದು ವಿಷಯಗಳಲ್ಲಿ ಒಳ್ಳೆಯ ಗ್ರೇಡ್ ಪಡೆಯುವ ಆಗಸ್ಟ್ ಮಕ್ಕಳ ಪ್ರಮಾಣ ಸೆಪ್ಟೆಂಬರ್ ಮಕ್ಕಳಿಗಿಂತ 6.4 ಶೇಕಡಾ ಅಂಶಗಳಷ್ಟು ಕಡಿಮೆ. ಚಿಕ್ಕ ವಯಸ್ಸಿನಲ್ಲಿ ಈ ಕಂದಕ ಇನ್ನೂ ದೊಡ್ಡದು, ಬೆಳೆದಂತೆ ಕಿರಿದಾಗುತ್ತದೆ.

ಆ ವರದಿಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಕಾರಣದ ಹುಡುಕಾಟ. ಆಗಸ್ಟ್ ಮಗು ಹಿಂದೆ ಬೀಳುವುದು ಶಾಲೆಗೆ ಬೇಗ ಸೇರಿದ್ದರಿಂದಲೋ? ಕಡಿಮೆ ದಿನ ಕಲಿತದ್ದರಿಂದಲೋ? ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದಾಗಿದ್ದರಿಂದಲೋ? ಅವರು ಕಂಡ ದೊಡ್ಡ ಕಾರಣ ಇವ್ಯಾವುವೂ ಅಲ್ಲ. ಪರೀಕ್ಷೆ ಬರೆಯುವ ದಿನ ಅದರ ವಯಸ್ಸು ಕಡಿಮೆ, ಅಷ್ಟೇ. ಅದಕ್ಕೇ ಅವರ ಸಲಹೆಯೂ ನೇರವಾಗಿತ್ತು: ಅಂಕಗಳನ್ನು ವಯಸ್ಸಿಗೆ ಹೊಂದಿಸಿ. ವಿಚಿತ್ರ ಅಂದರೆ, ಗ್ರಾಮರ್ ಸ್ಕೂಲ್ ಪರೀಕ್ಷೆಯಲ್ಲಿ ಮಾಡುವ ಈ ಹೊಂದಾಣಿಕೆಯನ್ನು ಇಂಗ್ಲೆಂಡ್ ತನ್ನ ಬೇರೆ ಪರೀಕ್ಷೆಗಳಲ್ಲಿ ಮಾಡುವುದಿಲ್ಲ. ಒಂದನೇ ವರ್ಷದಲ್ಲಿ ಅಕ್ಷರಗಳ ಧ್ವನಿ ಹಿಡಿದು ಓದಿಸುವ ಫೋನಿಕ್ಸ್ ಪರೀಕ್ಷೆಯಲ್ಲೂ ಇಲ್ಲ, 16ರ ಜಿಸಿಎಸ್‌ಇಯಲ್ಲೂ ಇಲ್ಲ.

ಇಲ್ಲಿಂದಲೇ ಎದುರು ವಾದವೂ ಹುಟ್ಟುತ್ತದೆ. ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆ ಅಮ್ಮ ಕೇಳಿದ್ದೂ ಇದನ್ನೇ. "ಮುಂದಿನ ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರ್ತಾರೆ. ಅಲ್ಲಿ ಮೇಷ್ಟ್ರು ವಯಸ್ಸು ನೋಡಿ ಪಾಠ ಮಾಡ್ತಾರಾ? ಇಬ್ಬರೂ ಶಾಲೆಗೆ ಹೋಗಿದ್ದು ಆರೇ ವರ್ಷ. ಕಲಿತದ್ದು ಒಂದೇ ಪುಸ್ತಕ. ಮೂರು ಉತ್ತರ ಜಾಸ್ತಿ ಸರಿ ಮಾಡಿದವನು ಜಾಸ್ತಿ ಕಲಿತಿದ್ದಾನೆ ತಾನೆ?"

ಹೌದು, ಇವತ್ತಿನ ಮಟ್ಟಿಗೆ ಅವನು ಜಾಸ್ತಿ ಕಲಿತಿದ್ದಾನೆ. ಈ ಪರೀಕ್ಷೆ ಕಲಿತದ್ದಕ್ಕೆ ಕೊಡುವ ಬಹುಮಾನವಾಗಿದ್ದರೆ ನಾನು ಅವರ ಕಡೆಗೇ ನಿಲ್ಲುತ್ತಿದ್ದೆ. ಕಾಗುಣಿತ ಸ್ಪರ್ಧೆಯಲ್ಲಿ ಜಾಸ್ತಿ ಪದ ಸರಿ ಬರೆದವರಿಗೇ ಕಪ್ ಹೋಗಬೇಕು. ಆದರೆ ಗ್ರಾಮರ್ ಸ್ಕೂಲ್ ಸೀಟು ಹಾಗಲ್ಲ. ಮುಂದಿನ ಏಳು ವರ್ಷ ಆ ಪಾಠ ಯಾರಿಗೆ ಒಗ್ಗುತ್ತದೆ ಅಂತ ಹತ್ತನೇ ವಯಸ್ಸಿನಲ್ಲಿ ಮಾಡುವ ಊಹೆ ಅದು. ಕಂದಕ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ ಅಂತ ಗೊತ್ತಿರುವಾಗ, ಹತ್ತನೇ ವಯಸ್ಸಿನಲ್ಲಿ ಮೂರು ಅಂಕ ಹಿಂದಿದ್ದ ಆಗಸ್ಟ್ ಮಗು ಹದಿನಾರರ ಹೊತ್ತಿಗೆ ಸರಿಸಮ ಬರುವ ಸಾಧ್ಯತೆ ಜಾಸ್ತಿ. ಕಚ್ಚಾ ಅಂಕ ಮಾತ್ರ ನೋಡಿದರೆ ಆ ಊಹೆ ತಪ್ಪುವುದು ಯಾವಾಗಲೂ ಒಂದೇ ದಿಕ್ಕಿಗೆ, ಚಿಕ್ಕವರ ವಿರುದ್ಧ.

ಆದರೆ ಕಂದಕ ಪೂರ್ತಿ ಮುಚ್ಚುವುದಿಲ್ಲ ಅನ್ನುವುದನ್ನೂ ಒಪ್ಪಬೇಕು. ಹತ್ತನೇ ವಯಸ್ಸಿನಲ್ಲಿ ಪೂರ್ತಿ ಹೊಂದಿಸಿದರೆ ಕೆಲವು ಸಲ ಸ್ವಲ್ಪ ಜಾಸ್ತಿಯೇ ಹೊಂದಿಸಿದಂತೆ ಆಗಬಹುದು. ಇದು ಪ್ರಶ್ನೆಯ ಬಗೆಯ ಮೇಲೂ ನಿಂತಿದೆ. ಆಕೃತಿಗಳನ್ನು ತಿರುಗಿಸಿ ನೋಡುವಂಥ ಪ್ರಶ್ನೆಯಲ್ಲಿ ಮಗುವಿನ ಬೆಳವಣಿಗೆಯ ಪಾಲು ದೊಡ್ಡದು. ಭಿನ್ನರಾಶಿ ಲೆಕ್ಕದಲ್ಲಿ ತರಗತಿಯಲ್ಲಿ ಎಷ್ಟು ಪಾಠ ಆಗಿದೆ ಅನ್ನುವುದರ ಪಾಲು ದೊಡ್ಡದು. ಅಮೆರಿಕದ ಶಾಲೆಗಳಲ್ಲಿ ತುಂಬ ಬಳಸುವ ಕಾಗ್ಯಾಟ್ ಪರೀಕ್ಷೆ ಅದಕ್ಕೇ ಎರಡೂ ಬಗೆಯ ಅಂಕ ಕೊಡುತ್ತದೆ. ಒಂದು ಅದೇ ವಯಸ್ಸಿನವರ ಜತೆ ಹೋಲಿಸಿದ್ದು, ಇನ್ನೊಂದು ಅದೇ ತರಗತಿಯವರ ಜತೆ ಹೋಲಿಸಿದ್ದು. ಎರಡೂ ಹತ್ತಿರ ಹತ್ತಿರ ಇದ್ದರೆ ಯೋಚನೆಯೇ ಬೇಡ. ದೂರ ಇದ್ದರೆ ಆ ಮಗುವಿನ ಬಗ್ಗೆ ಕೂತು ಮಾತಾಡಬೇಕು. ನನಗೆ ಇದು ಹೆಚ್ಚು ಪ್ರಾಮಾಣಿಕ ದಾರಿ ಅನ್ನಿಸುತ್ತದೆ. ಪೋಷಕರ ಕೈಗೆ 119 ಅನ್ನುವ ಒಂದೇ ಸಂಖ್ಯೆ ಕೊಟ್ಟರೆ ಅವರಿಗೆ ಏನು ತಿಳಿಯುತ್ತದೆ ಹೇಳಿ.

ಹೊಂದಾಣಿಕೆ ತತ್ವದಲ್ಲಿ ಸರಿ ಇದ್ದರೂ ಲೆಕ್ಕದಲ್ಲಿ ತಪ್ಪಬಹುದು. ಇದಕ್ಕೆ ದೊಡ್ಡ ಉದಾಹರಣೆ ನ್ಯೂಯಾರ್ಕ್ ನಗರ. ಅಲ್ಲಿ ಪ್ರತಿಭಾವಂತ ಮಕ್ಕಳ ತರಗತಿಗಳಿಗೆ ನಾಲ್ಕು ವರ್ಷದ ಮಕ್ಕಳಿಗೇ ಪರೀಕ್ಷೆ ಇಡುತ್ತಿದ್ದರು. 90ನೇ ಪರ್ಸೆಂಟೈಲ್ ಮೇಲಿದ್ದರೆ, ಅಂದರೆ ನೂರರಲ್ಲಿ 90 ಮಕ್ಕಳಿಗಿಂತ ಮುಂದಿದ್ದರೆ, ತಮ್ಮ ಪ್ರದೇಶದ ಶಾಲೆಗೆ ಅರ್ಹತೆ. ಇಡೀ ನಗರದ ಕೆಲವೇ ಶಾಲೆಗಳಿಗೆ 97 ಬೇಕು. ಆ ವಯಸ್ಸಿನಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ವಯಸ್ಸಿನ ಹೊಂದಾಣಿಕೆ ಇರಲೇಬೇಕಿತ್ತು. 2013ರ ಏಪ್ರಿಲ್‌ನಲ್ಲಿ ಒಂದು ಸುದ್ದಿ ಹೊರಬಂತು. ಅಂಕ ಲೆಕ್ಕ ಹಾಕಿದ ಪಿಯರ್ಸನ್ ಕಂಪನಿ ತಪ್ಪು ಮಾಡಿತ್ತು. ತಪ್ಪುಗಳಲ್ಲಿ ಒಂದು, ಮಗುವಿನ ವಯಸ್ಸನ್ನು ವರ್ಷ, ತಿಂಗಳು, ದಿನ ಸೇರಿಸಿ ತೆಗೆದುಕೊಳ್ಳುವ ಬದಲು ವರ್ಷ ಮತ್ತು ತಿಂಗಳನ್ನು ಮಾತ್ರ ತೆಗೆದುಕೊಂಡಿದ್ದು. ಸುಮಾರು 2,700 ಮಕ್ಕಳಿಗೆ ಅರ್ಹತೆ ಇದ್ದರೂ ಇಲ್ಲ ಅಂತ ಪತ್ರ ಹೋಗಿತ್ತು.

ಕೆಲವು ದಿನಗಳನ್ನು ಬಿಟ್ಟರೆ ಮಕ್ಕಳು ಹೊರಗೆ ಹೋಗುವುದು ಹೇಗೆ ಅಂತ ಅನ್ನಿಸಬಹುದು. ಮಕ್ಕಳನ್ನು ಮೂರು ಮೂರು ತಿಂಗಳ ಗುಂಪು ಮಾಡಿ ಹೋಲಿಸುತ್ತೇವೆ ಅಂತಿಟ್ಟುಕೊಳ್ಳಿ. ಗುಂಪಿನ ಗಡಿಯಲ್ಲಿ ಹುಟ್ಟಿದ ಮಗು ಒಂದೇ ದಿನದ ವ್ಯತ್ಯಾಸದಿಂದ ದೊಡ್ಡವರ ಗುಂಪಿಗೆ ಹೋಗುತ್ತದೆ. ನಿನ್ನೆ ಹುಟ್ಟಿದ್ದರೆ ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕದು, ಇವತ್ತು ಹುಟ್ಟಿದ್ದರೆ ಎಲ್ಲರಿಗಿಂತ ದೊಡ್ಡದು. ಗುಂಪುಗಳ ಬದಲು ನುಣುಪಾದ ಗೆರೆ ಎಳೆದು ಲೆಕ್ಕ ಹಾಕಿದರೆ ಈ ಮೆಟ್ಟಿಲು ಇರುವುದಿಲ್ಲ. ನ್ಯೂಯಾರ್ಕ್ 2021ರಲ್ಲಿ ಆ ಪರೀಕ್ಷೆಯನ್ನೇ ಕೈಬಿಟ್ಟು, ಶಿಕ್ಷಕರ ಶಿಫಾರಸು ಮತ್ತು ಲಾಟರಿ ಕಡೆಗೆ ಹೋಯಿತು. ನಾಲ್ಕು ವರ್ಷದ ಮಗುವಿನಲ್ಲಿ ಯಾರು ಪ್ರತಿಭಾವಂತರು ಅಂತ ಒಂದು ಬೆಳಗ್ಗೆಯ ಪರೀಕ್ಷೆಯಿಂದ ತಿಳಿಯುತ್ತದೆ ಅಂತ ನನಗಂತೂ ನಂಬಿಕೆ ಇಲ್ಲ. ಅಲ್ಲಿ ಹೊಂದಾಣಿಕೆ ಎಷ್ಟೇ ಸರಿಯಾಗಿ ಮಾಡಿದರೂ ನನ್ನ ಮಾತು ಇದೇ.

ಇನ್ನೊಂದು ಸೂಕ್ಷ್ಮ ಇದೆ. ಇದರ ಬಗ್ಗೆ ಪೋಷಕರು ಮಾತಾಡಿದ್ದು ನಾನು ಕೇಳೇ ಇಲ್ಲ. ಸರಾಸರಿ ಅಂದರೆ ಯಾರ ಸರಾಸರಿ? ಪರೀಕ್ಷೆಗೆ ಬಂದವರದ್ದು. ಆ ಲಕೋಟೆಯ ಲೆಕ್ಕಕ್ಕೇ ವಾಪಸ್ ಹೋಗೋಣ. ಆಗಸ್ಟ್ ಮಕ್ಕಳ ತಂದೆತಾಯಿ "ನಮ್ಮದು ಇನ್ನೂ ಚಿಕ್ಕ ಮಗು, ಇವೆಲ್ಲ ಬೇಡ" ಅಂತ ಪರೀಕ್ಷೆಗೇ ಕಳಿಸಲಿಲ್ಲ. ಕಳಿಸಿದ್ದು ಚುರುಕಾಗಿದ್ದವರನ್ನು ಮಾತ್ರ. ಆಗ ಆಗಸ್ಟ್ ಸರಾಸರಿ 54ರಿಂದ 57ಕ್ಕೆ ಏರುತ್ತದೆ. ನಮ್ಮ ಹುಡುಗಿ ತೆಗೆದದ್ದು ಅದೇ 75. ಆದರೆ ಈಗ ಸರಾಸರಿಗಿಂತ 18 ಮಾತ್ರ ಮೇಲೆ. 118. ಫೇಲ್. ಅವಳ ಉತ್ತರಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಹಾಲ್‌ನಲ್ಲಿ ಖಾಲಿ ಉಳಿದ ಕುರ್ಚಿಗಳು.

ಹಾಗಾಗಿ ಪರೀಕ್ಷೆಗೆ ಯಾರು ಬರುತ್ತಾರೆ ಅನ್ನುವುದು ನ್ಯಾಯದ ಪ್ರಶ್ನೆಯೇ. ಬಕಿಂಗ್‌ಹ್ಯಾಮ್‌ಶೈರ್‌ನ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳ ಹೆಸರು ತಾನಾಗಿಯೇ ಸೇರುತ್ತದೆ, ಬೇಡದವರು ಬೇಡ ಅಂತ ಬರೆದು ಕೊಡಬೇಕು. ಕೆಂಟ್‌ನಲ್ಲಿ ತಂದೆತಾಯಿಯೇ ಅರ್ಜಿ ಹಾಕಬೇಕು. ಮೊದಲನೆಯದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ವಯಸ್ಸನ್ನು ಇಷ್ಟು ಸೂಕ್ಷ್ಮವಾಗಿ ನೋಡುವ ಈ ಗ್ರಾಮರ್ ಸ್ಕೂಲ್ ಪರೀಕ್ಷೆ ದುಡ್ಡಿನ ಲೆಕ್ಕಕ್ಕೆ ಬಂದಾಗ ಇಷ್ಟು ಎಚ್ಚರ ತೋರಿಸುವುದಿಲ್ಲ. ಶಿಕ್ಷಣದಲ್ಲಿ ಸಮಾನ ಅವಕಾಶಕ್ಕಾಗಿ ಕೆಲಸ ಮಾಡುವ ಸಟನ್ ಟ್ರಸ್ಟ್ 2013ರಲ್ಲಿ ಲೆಕ್ಕ ಹಾಕಿದಾಗ, ಗ್ರಾಮರ್ ಶಾಲೆಗೆ ಸೇರಿದವರಲ್ಲಿ ಉಚಿತ ಊಟಕ್ಕೆ ಅರ್ಹರಾದ ಬಡ ಮಕ್ಕಳು ಶೇಕಡಾ 3ಕ್ಕಿಂತ ಕಡಿಮೆ ಇದ್ದರು. ಅದೇ ಪ್ರದೇಶಗಳಲ್ಲಿ ಅಂಥ ಮಕ್ಕಳ ಪಾಲು ಶೇಕಡಾ 18. ನಮ್ಮ ಮಗಳೂ ಎರಡು ವರ್ಷ ಶನಿವಾರದ ಟ್ಯೂಷನ್‌ಗೆ ಹೋದಳು. ಟ್ಯೂಷನ್ ಇಲ್ಲದ ಆಗಸ್ಟ್ ಮಗುವನ್ನೂ ಟ್ಯೂಷನ್ ಇದ್ದ ಆಗಸ್ಟ್ ಮಗುವನ್ನೂ ಒಂದೇ ಸರಾಸರಿಗೆ ಹೋಲಿಸುತ್ತಾರೆ. ಈಗ ಕೆಲವು ಗ್ರಾಮರ್ ಶಾಲೆಗಳು ಬಡ ಮಕ್ಕಳಿಗೆ ಕಡಿಮೆ ಕಟ್-ಆಫ್ ಇಡುತ್ತಿವೆ. ಅದಕ್ಕೂ ಪೋಷಕರ ಗುಂಪುಗಳಲ್ಲಿ ಇದೇ ಜಗಳ.

ಇದನ್ನೆಲ್ಲ ಓದುತ್ತಾ ನನ್ನ ತಲೆಗೆ ಬಂದದ್ದು ನಮ್ಮ ನವೋದಯ ಪರೀಕ್ಷೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬೆಳೆದ ಜವಾಹರ್ ನವೋದಯ ವಿದ್ಯಾಲಯಗಳು ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿಯೇ ಇರುವ ವಸತಿ ಶಾಲೆಗಳು. ಐದನೇ ತರಗತಿಯಲ್ಲಿ ಪರೀಕ್ಷೆ, ಆರನೇ ತರಗತಿಗೆ ಪ್ರವೇಶ. ಕನ್ನಡದಲ್ಲೇ ಬರೆಯಬಹುದು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು: ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮುಂದಿನ ಆಕೃತಿ ಯಾವುದು. ವಯಸ್ಸಿನ ಜತೆ ಬೆಳೆಯುವ ಸಾಮರ್ಥ್ಯ ಅಂದರೆ ಇದೇ.

2025-26ನೇ ಸಾಲಿನ ಪ್ರವೇಶಕ್ಕೆ ಯಾರು ಬರೆಯಬಹುದಿತ್ತು ಗೊತ್ತಾ? 2013ರ ಮೇ 1ರಿಂದ 2015ರ ಜುಲೈ 31ರೊಳಗೆ ಹುಟ್ಟಿದವರು. ಅಂದರೆ 27 ತಿಂಗಳ ಅಂತರ. ಇಂಗ್ಲೆಂಡಿನಲ್ಲಿ 12 ತಿಂಗಳ ಅಂತರಕ್ಕೆ ಇಷ್ಟು ಲೆಕ್ಕ, ಇಷ್ಟು ಚರ್ಚೆ. ನಮ್ಮಲ್ಲಿ ಒಂಬತ್ತೂವರೆಯ ಮಗುವೂ ಹನ್ನೊಂದೂಮುಕ್ಕಾಲಿನ ಮಗುವೂ ಒಂದೇ ಕೋಣೆಯಲ್ಲಿ ಕೂತು ಬರೆದು, ಒಂದೇ ಅಳತೆಯಲ್ಲಿ ಅಂಕ ಪಡೆಯುತ್ತಾರೆ. ಒಮ್ಮೆ ಬರೆದವರು ಮತ್ತೆ ಬರೆಯುವಂತೆಯೂ ಇಲ್ಲ.

ನವೋದಯದಲ್ಲಿ ಹೊಂದಾಣಿಕೆಯೇ ಇಲ್ಲ ಅಂತಲ್ಲ. ಕನಿಷ್ಠ ಶೇಕಡಾ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲ ಮಕ್ಕಳಿಗೆ ಮೀಸಲಾತಿ ಇದೆ. ಇಂಗ್ಲೆಂಡ್ ಬಹುಪಾಲು ಕಣ್ಣುಮುಚ್ಚಿಕೊಂಡ ವಿಷಯಗಳನ್ನು ನವೋದಯ ಗಟ್ಟಿಯಾಗಿ ಹಿಡಿದಿದೆ. ಅದರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ನಮ್ಮೂರಿನಿಂದ ನವೋದಯಕ್ಕೆ ಹೋದ ಮಕ್ಕಳ ಬದುಕು ಹೇಗೆ ಬದಲಾಯಿತು ಅಂತ ಕಣ್ಣಾರೆ ನೋಡಿದ್ದೇನೆ. ಬಿಟ್ಟುಹೋಗಿರುವುದು ವಯಸ್ಸು ಮಾತ್ರ.

ಇದಕ್ಕೆ ಹಳೆಯ ಕಾರಣ ಒಂದಿರಬಹುದು ಅಂತ ನನಗನ್ನಿಸುತ್ತದೆ. ನಮ್ಮ ಅಪ್ಪನ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ದೊಡ್ಡಪ್ಪನದ್ದೂ ಜೂನ್ 1. ನಿಮ್ಮ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಡುಗನನ್ನು ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಅಂತ ಅರ್ಥ. ಶಾಲೆ ಶುರುವಾಗುವ ತಿಂಗಳ ಮೊದಲ ದಿನವನ್ನೇ ಹುಟ್ಟಿದ ದಿನ ಅಂತ ಬರೆದುಬಿಡುತ್ತಿದ್ದರು. "ಒಂದು ವರ್ಷ ಕಮ್ಮಿ ಬರೀರಿ, ಮುಂದೆ ಸರ್ಕಾರಿ ಕೆಲಸಕ್ಕೆ ಅನುಕೂಲ ಆಗ್ತದೆ" ಅನ್ನುವ ಅಪ್ಪಂದಿರೂ ಇದ್ದರು. ಇಂಥ ದಿನಾಂಕಗಳ ಮೇಲೆ ವಯಸ್ಸಿನ ಹೊಂದಾಣಿಕೆ ಮಾಡಿದ್ದರೆ ಸುಳ್ಳು ಬರೆಸಿದವರಿಗೇ ಲಾಭ ಆಗುತ್ತಿತ್ತು. ಈಗ ಕಾಲ ಬದಲಾಗಿದೆ. ಆಸ್ಪತ್ರೆಯಲ್ಲೇ ಹೆರಿಗೆ, ಜನನ ಪ್ರಮಾಣಪತ್ರ, ಆಧಾರ್. ಇವತ್ತು ಐದನೇ ತರಗತಿಯಲ್ಲಿರುವ ಮಗುವಿನ ದಿನಾಂಕವನ್ನು ಅಪ್ಪನ ಕಾಲದ ದಿನಾಂಕಕ್ಕಿಂತ ತುಂಬ ಜಾಸ್ತಿ ನಂಬಬಹುದು.

ಇನ್ನೊಂದು ಕಾರಣಕ್ಕೂ ಇದು ಈಗ ಮುಖ್ಯ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ಎಷ್ಟು ಗಲಾಟೆ ಎಬ್ಬಿಸಿತು ನೆನಪಿದೆಯಲ್ಲ. 2025-26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಆ ಸಾಲಿನ ಮಕ್ಕಳಲ್ಲಿ ಐದೂವರೆಯವರೂ ಇದ್ದಾರೆ, ಆರು ದಾಟಿದವರೂ ಇದ್ದಾರೆ. ಅವರು ಐದನೇ ತರಗತಿಗೆ ಬಂದಾಗ ನವೋದಯ ಬರೆಯುತ್ತಾರೆ. ಇನ್ನು ಕೆಲವು ಪೋಷಕರು ಬೇಕಂತಲೇ ಒಂದು ವರ್ಷ ತಡವಾಗಿ ಸೇರಿಸುತ್ತಾರೆ, ಮಗು ಗಟ್ಟಿಯಾಗಲಿ ಅಂತ. ಕಚ್ಚಾ ಅಂಕ ನೋಡುವ ಪರೀಕ್ಷೆಯಲ್ಲಿ ಅದು ಲಾಭವೇ. ವಯಸ್ಸಿಗೆ ಹೊಂದಿಸಿದರೆ ಆ ಲಾಭ ಇರುವುದಿಲ್ಲ, ಮಗುವನ್ನು ಮಗುವಿನ ಸಿದ್ಧತೆ ನೋಡಿಯೇ ಶಾಲೆಗೆ ಸೇರಿಸಬಹುದು.

ಒಂದು ಗಂಭೀರ ಆಕ್ಷೇಪ ಇದೆ. 27 ತಿಂಗಳ ಅಂತರದಲ್ಲಿ ದೊಡ್ಡ ವಯಸ್ಸಿನ ಮಕ್ಕಳು ಯಾರು? ಎಲ್ಲರೂ ಬೇಕಂತ ತಡ ಮಾಡಿದವರಲ್ಲ. ಕಬ್ಬು ಕಡಿಯಲು ಗುಳೆ ಹೋದ ಮನೆಯ ಮಕ್ಕಳು, ಕಾಯಿಲೆ ಬಿದ್ದು ವರ್ಷ ಕಳೆದುಕೊಂಡವರು, ತಡವಾಗಿ ಶಾಲೆ ನೋಡಿದವರೂ ಅವರಲ್ಲಿ ಇದ್ದಾರೆ. ಕಣ್ಣುಮುಚ್ಚಿ ವಯಸ್ಸಿಗೆ ಹೊಂದಿಸಿದರೆ ಅವರಿಗೆ ಎರಡನೇ ಪೆಟ್ಟು ಬೀಳುತ್ತದೆ. ಅದಕ್ಕೇ ಇಂಗ್ಲೆಂಡಿನ ಲೆಕ್ಕವನ್ನು ಹಾಗೇ ತಂದು ಅಂಟಿಸಿ ಅಂತ ನಾನು ಹೇಳುವುದಿಲ್ಲ. ಒಂದೇ ಶಾಲಾ ವರ್ಷದೊಳಗಿನ ಅಂತರಕ್ಕೆ ಪೂರ್ತಿ ಹೊಂದಿಸಿ, ಅದಕ್ಕಿಂತ ದೊಡ್ಡವರನ್ನು ವರ್ಷದ ಅತಿ ದೊಡ್ಡ ಮಗುವಿನಂತೆಯೇ ಎಣಿಸಿ, ಅದಕ್ಕಿಂತ ಕೆಳಗೆ ತಳ್ಳಬೇಡಿ. ಇದು ಒಂದು ದಾರಿ. ಬೇರೆ ದಾರಿಗಳೂ ಇರಬಹುದು. ಮೊದಲ ಹೆಜ್ಜೆಯಾಗಿ, ಆಯ್ಕೆಯಾದ ಮಕ್ಕಳು ಯಾವ ಯಾವ ವಯಸ್ಸಿನವರು ಅಂತ ತಿಂಗಳ ಲೆಕ್ಕದಲ್ಲಿ ಪ್ರಕಟಿಸಿದರೂ ಸಾಕು. ಚಿಕ್ಕ ಮಕ್ಕಳು ಎಲ್ಲಿ ಉದುರುತ್ತಿದ್ದಾರೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ.

ಆ ಹುಡುಗನ ಅಮ್ಮ ಮತ್ತೆ ಬಂದಾಗ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. "ಲೆಕ್ಕ ಅರ್ಥ ಆಯ್ತು. ಆದರೆ ಎರಡೂ ಅಂಕ ನನಗೆ ತೋರಿಸಬೇಕಿತ್ತು" ಅಂದರು. ಆ ಮಾತು ನೂರಕ್ಕೆ ನೂರು ಸರಿ. ಅವರು ಮೇಲ್ಮನವಿ ಹಾಕಿದ್ದಾರೆ, ಹುಡುಗ ಇನ್ನೂ ಕಾಯುತ್ತಿದ್ದಾನೆ.

ಮೊನ್ನೆ ಊರಿನಿಂದ ತಂಗಿ ತನ್ನ ಮಗನ ನವೋದಯ ಅರ್ಜಿಯನ್ನು ಫೋಟೊ ತೆಗೆದು ಕಳಿಸಿದ್ದಳು, ಎಲ್ಲ ಸರಿ ಇದೆಯಾ ನೋಡು ಅಂತ. ಅವನು ಹುಟ್ಟಿದ್ದು ಜುಲೈ ಕೊನೆಗೆ. ಅರ್ಜಿ ಹಾಕುವವರಲ್ಲಿ ಅವನಿಗಿಂತ ಚಿಕ್ಕವರು ಯಾರೂ ಇರಲಾರರು. ಹುಟ್ಟಿದ ದಿನಾಂಕದ ಜಾಗವನ್ನು ಅವಳು ಎರಡು ಸಲ ನೋಡಿ ತುಂಬಿದ್ದಳು. ಅವನು ಆ ಎರಡು ದಿನಾಂಕಗಳ ಒಳಗೆ ಇದ್ದಾನೋ ಹೊರಗೆ ಇದ್ದಾನೋ ಅಂತ ಮಾತ್ರ ಅದನ್ನು ನೋಡುತ್ತಾರೆ. ಒಳಗಿದ್ದಾನೆ ಅಂತ ಗೊತ್ತಾದ ಮೇಲೆ ಆ ದಿನಾಂಕಕ್ಕೆ ಬೇರೆ ಕೆಲಸ ಇಲ್ಲ.